ಕುಸುಬಿ ಹೂವಿನ ಬಾಗಿಲು ಕಾಯ್ದ ಪಂಪಾಪತಿಯವರು

ರಾಯಚೂರು, ಮಾನ್ವಿ, ದೇವದುರ್ಗ ತಾಲ್ಲೂಕುಗಳ ಹಳೆಯ ಕಟ್ಟಡಗಳ ವಿಷಯ ಬಂದಾಗ, ಕಳೆದ ಮೂರು ದಶಕಗಳಲ್ಲಿ, ಶ್ರೀ ಪಂಪಾಪತಿಯವರ ಹೆಸರನ್ನು ಬಿಟ್ಟು ಮಾತು ಮುಂದುವರಿದದ್ದನ್ನು ನಾನು ಕಂಡಿಲ್ಲ. ಶಾಸನ ಓದಬಲ್ಲವರು ನಮ್ಮಲ್ಲಿ ಹಲವರಿದ್ದಾರೆ, ಕೋಟೆಗಳ ಮೇಲೆ ಪುಸ್ತಕ ಬರೆದವರೂ ಇದ್ದಾರೆ. ಆದರೆ ಗಚ್ಚುಗಾರೆಯ ಗೋಡೆಯನ್ನು ಬೆರಳಿನಿಂದ ತಟ್ಟಿ, ಒಳಗೆ ಎಲ್ಲಿ ಟೊಳ್ಳಾಗಿದೆಯೆಂದು ಹೇಳಿ, ಮರುದಿನವೇ ಸುಣ್ಣ ನೆನೆಹಾಕಿಸಿ ದುರಸ್ತಿಗೆ ನಿಲ್ಲುತ್ತಿದ್ದ ಅಧಿಕಾರಿ ಅವರೊಬ್ಬರೇ. ಅಂಥವರು ಈ ವರ್ಷ ನಮ್ಮ ಪರಂಪರೆ ಇಲಾಖೆಯಿಂದ ನಿವೃತ್ತರಾಗಿರುವ ಸಂದರ್ಭದಲ್ಲಿ, ಅವರ ಕೈಕೆಳಗೆ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿ, ಅವರಿಂದಲೇ ಕಲಿತು, ಅವರಿಂದಲೇ ಬೈಸಿಕೊಂಡು ಬೆಳೆದ ನನ್ನನ್ನು ನಾಲ್ಕು ಮಾತು ಬರೆಯಲು ಸಂಪಾದಕರು ಕೇಳಿದ್ದು ನನ್ನ ಭಾಗ್ಯ.

ಭಾಗ್ಯವೇನೋ ಸರಿ, ಆದರೆ ಏನು ಬರೆಯಬೇಕೆಂಬುದನ್ನು ಅವರೇ ಗೊತ್ತುಮಾಡಿಬಿಟ್ಟರು. ಸೇವೆಯ ವಿವರಗಳನ್ನು ಕೇಳಲು ನಾನು ಅವರ ಮನೆಗೆ ಹೋದಾಗ ಅವರು ಚಹಾ ಕೊಟ್ಟು ಒಂದೇ ಮಾತು ಹೇಳಿದರು: "ನೋಡವ್ವಾ ದಾನೇಶ್ವರಿ, ಬರಿಯೋದಾದ್ರ ಹತಾರಖಾನಿದು ಬರಿ. ಅದನ್ನ ಬಿಟ್ಟು ಬರೇ ಶಾಲು, ಹಾರ ಅಂತ ಬರಿಯೋದಾದ್ರ ಬ್ಯಾಡ." ಆದ್ದರಿಂದ ಅವರು ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದ, ಬಹುಕಾಲ ಕಾಪಾಡಿದ, ಕೊನೆಗೆ ಕಳೆದುಕೊಂಡ ಹತಾರಖಾನೆ ಎಂಬ ಹಳೆಯ ಆಯುಧಾಗಾರದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅದು ಹೋದದ್ದು ತಮ್ಮಿಂದಲೇ ಎಂಬುದು ಅವರ ಅಭಿಪ್ರಾಯ. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಪೂರ್ತಿ ತಳ್ಳಿಹಾಕುವ ಧೈರ್ಯವೂ ನನಗಿಲ್ಲ.

ಪಂಪಾಪತಿಯವರು ಗಬ್ಬೂರಿನ ಕೂಲಿ ಕುಟುಂಬವೊಂದರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಅವರನ್ನು ತಾಯಿ ದುರುಗಮ್ಮನವರು ಕಂಡವರ ಹೊಲದಲ್ಲಿ ಜೋಳ ಕೊಯ್ದು ಓದಿಸಿದರು. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಇತಿಹಾಸದಲ್ಲಿ ಎಂ.ಎ. ಮುಗಿಸಿ ಅವರು ಇಲಾಖೆಗೆ ಸೇರಿದ ಹೊಸದರಲ್ಲಿ, ಮಾನ್ವಿ ತಾಲ್ಲೂಕಿನ ಬಾಗಲವಾಡದಲ್ಲಿ ಬಂಡೆಮ್ಮ ಎಂಬ ಅಜ್ಜಿಯೊಬ್ಬರು ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರಂತೆ. ಬೇರೆ ಯಾರೇ ಆಗಿದ್ದರೂ ಪೊಲೀಸರನ್ನು ಕರೆತಂದು ಕಲ್ಲು ಎತ್ತಿಸುತ್ತಿದ್ದರು. ಇವರು ಮಾತ್ರ ತಮ್ಮ ಖರ್ಚಿನಲ್ಲಿ ಅದಕ್ಕಿಂತ ನುಣುಪಾದ ಹಾಸುಗಲ್ಲೊಂದನ್ನು ಬಂಡಿಯಲ್ಲಿ ತರಿಸಿಹಾಕಿ, ಅಜ್ಜಿ ಅದರ ಮೇಲೆ ಒಗೆದು ನೋಡಿ ಅಡ್ಡಿಯಿಲ್ಲ ಎಂದ ಮೇಲೆಯೇ ಶಾಸನಕ್ಕೆ ಕೈಹಚ್ಚಿದರು. ಜನರ ಮನಸ್ಸನ್ನು ಇಷ್ಟು ಬಲ್ಲವರು ಹತಾರಖಾನೆಯ ವಿಷಯದಲ್ಲಿ ಹಾಗೇಕೆ ನಡೆದುಕೊಂಡರು ಎಂಬುದು ನನಗೆ ಇಂದಿಗೂ ಬಗೆಹರಿಯದ ಮಾತು.

ನನಗೆ ಅವರು ಮಾಡಿದ ಉಪಕಾರಗಳನ್ನು ಬರೆದರೆ ಸಂಪಾದಕರು ಕತ್ತರಿ ಹಾಕಬೇಕಾದೀತು. ಒಂದನ್ನಾದರೂ ಹೇಳುತ್ತೇನೆ. ಸೀರೆಯುಟ್ಟ ಹೆಂಗಸು ಏಣಿ ಹತ್ತಿ ಅಳತೆ ತೆಗೆಯುವುದುಂಟೇ ಎಂದು ಕಚೇರಿಯಲ್ಲಿ ಕೆಲವರು ಗೊಣಗಿದಾಗ, ಅವರು ಯಾರಿಗೂ ಉತ್ತರಿಸದೆ ನನ್ನ ಏಣಿಯನ್ನು ತಾವೇ ಹಿಡಿದು ನಿಂತರು. ದೊಡ್ಡ ಅಧಿಕಾರಿಗಳೇ ಏಣಿ ಹಿಡಿದದ್ದನ್ನು ಕಂಡ ಮೇಲೆ ಆ ಮಾತು ಮತ್ತೆ ಏಳಲಿಲ್ಲ. ನಾನು ಅಂದು ಅಳೆಯುತ್ತಿದ್ದದ್ದು ಹತಾರಖಾನೆಯ ಬಾಗಿಲನ್ನೇ.

ಈಗ ಆ ಕಟ್ಟಡದ ಮಾತು. ದೇವದುರ್ಗದಿಂದ ಗಬ್ಬೂರಿನ ಕಡೆಗೆ ಹೊರಟರೆ, ಊರು ಮುಗಿಯುವಲ್ಲಿ, ರಸ್ತೆಯ ಎಡಕ್ಕೆ ಅದು ನಿಂತಿತ್ತು. ಕಂಪನಿ ಸರ್ಕಾರದ ಕಾಲದಲ್ಲಿ ಸ್ಕಾಟ್ಲೆಂಡ್ ಮೂಲದ ಪಲ್ಟನ್ನೊಂದು ಇಲ್ಲಿ ಕೆಲವು ವರ್ಷ ಬೀಡುಬಿಟ್ಟಿತ್ತು. ಮಂಡಿಯವರೆಗೆ ನಿರಿಗೆಯ ಬಟ್ಟೆ ಉಡುತ್ತಿದ್ದ ಆ ಸಿಪಾಯಿಗಳನ್ನು ನಮ್ಮ ಜನ ಲಂಗದ ಪಲ್ಟನ್ ಎಂದು ಕರೆದರು. ಅವರ ಬಂದೂಕುಗಳನ್ನಿಡಲು ಕಟ್ಟಿದ್ದು ಹತಾರಖಾನೆಯಾಯಿತು. ಎರಡಾಳು ಅಡ್ಡ ಮಲಗುವಷ್ಟು ದಪ್ಪನೆಯ ಕರಿಕಲ್ಲಿನ ಗೋಡೆ, ಸಿಡಿಲಿಗೂ ಕಿಡಿಗೂ ಹೆದರದ ಕಮಾನಿನ ಗಚ್ಚಿನ ಮಾಡು, ಗಾಳಿ ಬರುವಂತೆ ಆದರೆ ಕೈ ತೂರದಂತೆ ಎತ್ತರದಲ್ಲಿ ಸೀಳಿದ ಕಿಂಡಿಗಳು, ಒಳಗೆ ಬಂದೂಕು ಒರಗಿಸಲು ಕಲ್ಲಿನಲ್ಲೇ ಕೊರೆದ ತೋಡುಗಳು. ಎರಡೂ ತುದಿಯ ಗೋಡೆಗಳು ಮಾತ್ರ ನಮ್ಮ ಸೀಮೆಯಲ್ಲಿ ಎಲ್ಲೂ ಕಾಣದಂತೆ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಏರಿದ್ದವು. ತಮ್ಮ ದೇಶದ ಮನೆಗಳ ನೆನಪಿಗೆ ಅವರು ಹಾಗೆ ಕಟ್ಟಿಸಿದರೆಂದು ಪಂಪಾಪತಿಯವರು ವಿವರಿಸುತ್ತಿದ್ದರು. ಆ ಮೆಟ್ಟಿಲುಗಳ ಮೇಲೆ ಸಂಜೆ ಪಾರಿವಾಳಗಳು ಸಾಲಾಗಿ ಕೂರುತ್ತಿದ್ದವು.

ಬಾಗಿಲ ಕಮಾನಿನ ನೆತ್ತಿಯ ಕಲ್ಲಿನಲ್ಲಿ ಮುಳ್ಳಿನ ಹೂವೊಂದನ್ನು ಕೆತ್ತಿದ್ದರು. ಅದು ಆ ದೇಶದ ಲಾಂಛನ. ನಮ್ಮವರಿಗೆ ಅದು ಕುಸುಬಿ ಹೂವು. ತಪ್ಪೇನೂ ಅಲ್ಲ, ಎರಡೂ ಒಂದೇ ಕುಟುಂಬದ ಗಿಡಗಳು, ಎರಡಕ್ಕೂ ಅದೇ ಮುಳ್ಳು, ಹೂವಿನ ಬುಡದಲ್ಲಿ ಅದೇ ದುಂಡನೆಯ ಗುಬಟು. ತಮ್ಮ ಹೊಲದ ಹೂವನ್ನೇ ಯಾರೋ ಬಾಗಿಲ ಮೇಲೆ ಕೆತ್ತಿದ್ದಾರೆಂದು ಜನ ಅದನ್ನು ತಮ್ಮದೆಂದುಕೊಂಡರು.

ಪಲ್ಟನ್ ಹೋಯಿತು, ನಿಜಾಮರ ಪಹರೆಯವರು ಬಂದರು. ಅವರು ಮಹಾನವಮಿಯ ದಿನ ಬಂದೂಕುಗಳನ್ನು ಹೊರಗಿಟ್ಟು ಪೂಜೆ ಮಾಡುವಾಗ ಸುತ್ತಲಿನವರೂ ತಮ್ಮ ಕುಡುಗೋಲು, ಕೊಡಲಿ ತಂದಿಡತೊಡಗಿದರು. ಬಂದೂಕುಗಳೂ ಹೋದ ಮೇಲೆ ಉಳಿದದ್ದು ಈ ರೂಢಿಯೊಂದೇ. ಕುರಿ ಕಾಯುವವರು ಉಣ್ಣೆ ಕತ್ತರಿಸುವ ಕತ್ತರಿ ತರುತ್ತಿದ್ದರು, ಕೂಲಿಯ ಹೆಂಗಸರು ಕುಡುಗೋಲು ತರುತ್ತಿದ್ದರು, ಎಲ್ಲವೂ ಒಂದೇ ಹೊಸ್ತಿಲ ಮೇಲೆ ಕೂರುತ್ತಿದ್ದವು. ಅಲ್ಲಿ ಪೂಜಾರಿ ಇರಲಿಲ್ಲ, ಹಿಂದೆ ಸರಿ ಎನ್ನುವವರಿರಲಿಲ್ಲ. ಊರೊಳಗಿನ ಗುಡಿಯಲ್ಲಿ ಹೊರಗೇ ನಿಲ್ಲುತ್ತಿದ್ದ ದುರುಗಮ್ಮನವರು ಇಲ್ಲಿ ಕೈಯೆತ್ತಿ ಆ ಹೂವಿಗೆ ಕುಸುಬಿ ಎಣ್ಣೆ ಸವರಿ, ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಿದ್ದರು. ಈ ಕಟ್ಟಡಕ್ಕೆ ಕಲ್ಲು ಹೊತ್ತವರು ತಮ್ಮ ಹಿರಿಯರೇ ಎಂದು ಮಗನಿಗೆ ಹೇಳಿ ಬೆಳೆಸಿದವರೂ ಅವರೇ.

ಆ ಮಗನೇ ಅಧಿಕಾರಿಯಾಗಿ ಬಂದಾಗ ಕಟ್ಟಡ ಹಾಳುಸುರಿಯುತ್ತಿತ್ತು. ಗೊಬ್ಬರದ ಗೋದಾಮಾಗಿ ಗೋಡೆಗೆ ಉಪ್ಪು ಏರಿತ್ತು, ಮಾಡಿನ ಮೇಲೆ ಅರಳಿ ಗಿಡ ಬೇರುಬಿಟ್ಟಿತ್ತು, ಹೂವಿನ ಕಲ್ಲು ಎಣ್ಣೆಯ ಜಿಡ್ಡಿನಿಂದ ಕಪ್ಪಾಗಿ ಅಂಚು ಉದುರುತ್ತಿತ್ತು. ಪಂಪಾಪತಿಯವರು ಹಗಲಿರುಳೆನ್ನದೆ ದುಡಿದು ಅದನ್ನು ಎತ್ತಿ ನಿಲ್ಲಿಸಿದರು. ಹೂವಿನ ಕಲ್ಲನ್ನು ಮೆತ್ತನೆಯ ಬಟ್ಟೆಯಿಂದ ತಾವೇ ತಿಂಗಳುಗಟ್ಟಲೆ ತೊಳೆದರು. ಆಮೇಲೆ ಸುತ್ತಲೂ ತಂತಿಬೇಲಿ ಹಾಕಿಸಿ, ಬಾಗಿಲಿಗೆ ಬೀಗ ಜಡಿಸಿ, ಎಣ್ಣೆ, ಕುಂಕುಮ, ಕಾಯಿಗಳನ್ನು ನಿಷೇಧಿಸಿ ತಮ್ಮ ಸಹಿಯ ಫಲಕ ತೂಗುಹಾಕಿಸಿದರು.

ಆ ವರ್ಷದ ಮಹಾನವಮಿಗೆ ಜನ ಬಂದರು, ಬೇಲಿಯ ಮುಂದೆ ನಿಂತರು. ಎಲ್ಲರಿಗಿಂತ ಮುಂದೆ ದುರುಗಮ್ಮನವರಿದ್ದರು. ನಾನು ಅಲ್ಲೇ ಇದ್ದೆ. ತಾಯಿಯನ್ನು ಒಳಗೆ ಬಿಡುತ್ತಾರೆಂದೇ ಎಲ್ಲರೂ ಎಣಿಸಿದ್ದರು. ಪಂಪಾಪತಿಯವರು ಬೇಲಿಯ ಒಳಗಿನಿಂದಲೇ ಮೆಲ್ಲಗೆ ಹೇಳಿದರು: "ಎಲ್ಲಾರಿಗೂ ಒಂದ ಕಾನೂನು ಅದ ಯವ್ವಾ. ನಿನ್ನ ಒಳಗ ಬಿಟ್ರ ಉಳಿದವ್ರಿಗೆ ಏನಂತ ಹೇಳ್ಲಿ?"

"ಹೌದಪ್ಪ, ನಿನ್ನ ನೌಕ್ರಿ ನೀ ಮಾಡು" ಎಂದು ದುರುಗಮ್ಮನವರು ಕುಡುಗೋಲನ್ನು ಸೆರಗಿನಲ್ಲಿ ಸುತ್ತಿಕೊಂಡು ತಿರುಗಿದರು. ಹೆತ್ತ ತಾಯಿಯನ್ನೇ ಕಳಿಸಿದ ಮೇಲೆ ಉಳಿದವರು ಬಾಯಿಬಿಡುವುದೆಲ್ಲಿಂದ ಬಂತು? ಎಲ್ಲರೂ ತಂದ ಹತಾರಗಳನ್ನು ಎತ್ತಿಕೊಂಡು ಹಿಂದಿರುಗಿದರು. ಇಂಥ ನಿಷ್ಠಾವಂತ ಅಧಿಕಾರಿ ಇನ್ನೊಬ್ಬರಿಲ್ಲವೆಂದು ಇಲಾಖೆಯಲ್ಲಿ ಹೊಗಳಿದರು, ಪತ್ರಿಕೆಯಲ್ಲಿ ಬಂತು, ನಾವೆಲ್ಲ ಹೆಮ್ಮೆಪಟ್ಟೆವು. ದುರುಗಮ್ಮನವರು ಬದುಕಿರುವವರೆಗೂ ಮನೆಯಲ್ಲೇ ಪೂಜೆ ಮಾಡಿದರು, ಮಗನನ್ನು ಒಮ್ಮೆಯೂ ಆಕ್ಷೇಪಿಸಲಿಲ್ಲ.

ಮುಂದೆ ಬಹಳ ವರ್ಷ ಹತಾರಖಾನೆ ಚೊಕ್ಕಟವಾಗಿತ್ತು. ಅದರ ಬಳಿ ಯಾರೂ ಸುಳಿಯುತ್ತಿರಲಿಲ್ಲ. ಆಮೇಲೆ ರಸ್ತೆ ಅಗಲವಾಗಬೇಕೆಂಬ ಯೋಜನೆ ಬಂತು. ಕಟ್ಟಡವನ್ನು ರಕ್ಷಿತ ಸ್ಮಾರಕವೆಂದು ಸಾರುವ ಅಂತಿಮ ಆದೇಶ ಇನ್ನೂ ಬಂದಿರಲಿಲ್ಲ. ಊರಿನವರು ಬೇಡವೆಂದರೆ ರಸ್ತೆಯನ್ನು ಗುಡ್ಡದ ಹಿಂದೆ ತಿರುಗಿಸಬಹುದು, ಜನರ ಅಭಿಪ್ರಾಯ ಕೇಳೋಣ ಎಂದು ಮೇಲಿನವರು ಸಭೆ ಕರೆದರು. ಪಂಪಾಪತಿಯವರಿಗೆ ಜೀವ ಬಂದಂತಾಯಿತು. ಶಾಮಿಯಾನ ಹಾಕಿದ್ದರು, ಕುರ್ಚಿಗಳನ್ನಿಟ್ಟಿದ್ದರು. ನಾನು ಬಿಡಿಸಿದ ನಕ್ಷೆಗಳನ್ನು ಹಿಡಿದು ನಾವಿಬ್ಬರೂ ಮುಂದಿನ ಸಾಲಿನಲ್ಲಿ ಕುಳಿತೆವು. ನಮ್ಮ ಹಿಂದೆ ರಸ್ತೆ ಬೇಕೆನ್ನುವ ಅಂಗಡಿಯವರಿದ್ದರು. ಹತಾರಖಾನೆ ಬೇಕೆನ್ನಲು ಒಬ್ಬರೂ ಬರಲಿಲ್ಲ.

ಅಭಿಪ್ರಾಯ ತಿಳಿಸಲು ಇನ್ನೊಂದು ವಾರದ ಅವಕಾಶ ಸಿಕ್ಕಿತು. ಪಂಪಾಪತಿ ಸರ್ ನನ್ನನ್ನು ಕರೆದುಕೊಂಡು ಅಯ್ಯಮ್ಮನವರ ಮನೆಗೆ ಹೋದರು. ಕುರಿಗಾರರ ಮನೆತನದ ಹಿರಿಯರು, ಒಂದು ಕಾಲಕ್ಕೆ ದುರುಗಮ್ಮನವರ ಜೊತೆ ಕತ್ತರಿ ತಂದು ಪೂಜೆಗಿಡುತ್ತಿದ್ದವರು. ಆ ಕಟ್ಟಡ ನಿಮ್ಮದು, ನಿಮ್ಮ ಮಂದಿಯನ್ನು ಕರೆದುಕೊಂಡು ಬಂದು ಒಂದು ಮಾತು ಹೇಳಿ ಎಂದು ಸರ್ ಕೈಮುಗಿದು ಕೇಳಿಕೊಂಡರು. ಅಯ್ಯಮ್ಮನವರಿಗೆ ಸಿಟ್ಟೇನೂ ಇರಲಿಲ್ಲ. ನಮಗೆ ನೀರು ಕೊಟ್ಟು, ಎದುರಿಗೆ ಕುಳಿತು ಹೇಳಿದರು:

"ಅದು ಸರ್ಕಾರದ್ದು ಅಂತ ನೀವ ಬೋರ್ಡ್ ಹಾಕಿದ್ರಿ ಸಾಹೇಬ್ರ. ನಾವೂ ಹೌದಂತ ಮರ್ತಿವಿ. ನಮ್ಮ ಹುಡುಗ್ರು ಈಗ ಮನಿ ಮುಂದ ಟ್ರ್ಯಾಕ್ಟರಿಗೆ ಪೂಜಿ ಮಾಡ್ತಾರ, ಅವ್ರಿಗೆ ಆ ಹೂವು ಏನು ಗೊತ್ತದ? ಇವತ್ತು ನೀವು ಕರಿಯಾಕ ಬರೋದು ಬೇಕಾಗಿರಲಿಲ್ಲ. ಆವತ್ತು ಬಾಗಿಲಾ ತೆಗೆದಿಟ್ಟಿದ್ರ ಸಾಕಾಗಿತ್ತು."

ವಾರ ಮುಗಿದರೂ ಊರಿನಿಂದ ಯಾರೂ ಬರಲಿಲ್ಲ, ರಸ್ತೆಗೇ ಒಪ್ಪಿಗೆಯಾಯಿತು. ಎಣ್ಣೆಯಿಂದ ಕಲ್ಲು ಕೆಡುತ್ತಿದ್ದದ್ದು ನಿಜ. ನಾನೇ ಅಳೆದು ನೋಡಿದ್ದೆ. ಆದರೆ ಎಣ್ಣೆ ಸವರಿಸಿಕೊಂಡ ಕಟ್ಟಡ ನೂರು ವರ್ಷಕ್ಕೂ ಮಿಕ್ಕಿ ನಿಂತಿತ್ತು, ತೊಳೆದಿಟ್ಟ ಕಟ್ಟಡ ಒಂದು ಮಧ್ಯಾಹ್ನದಲ್ಲಿ ಹೋಯಿತು. ಜೆಸಿಬಿ ಬಂದ ದಿನ ಸರ್ ರಸ್ತೆಯಾಚೆ ಬಿಸಿಲಿನಲ್ಲಿ ನಿಂತೇ ಇದ್ದರು. ಬಾಗಿಲ ಚೌಕಟ್ಟನ್ನೂ ಹೂವಿನ ಕಮಾನನ್ನೂ ಮಾತ್ರ ಬಿಡಿಸಿಕೊಳ್ಳಲು ಅಪ್ಪಣೆ ಸಿಕ್ಕಿತ್ತು. ಅವುಗಳನ್ನು ಲಾರಿಯಲ್ಲಿ ರಾಯಚೂರಿಗೆ ತಂದು, ನಮ್ಮ ಕಚೇರಿಯ ಸಂಗ್ರಹಾಲಯದ ಅಂಗಳದಲ್ಲಿ ನಿಲ್ಲಿಸಿದೆವು. ಅದಕ್ಕೆ ಈಗ ಕದವಿಲ್ಲ, ಬೀಗವಿಲ್ಲ, ದಾಟಿದರೆ ಹೋಗಲು ಒಳಗೆಂಬುದೂ ಇಲ್ಲ. ನಿಷೇಧದ ಫಲಕ ಮಾತ್ರ ಕಲ್ಲುಗಳ ಜೊತೆಗೇ ಬಂದು ಪಕ್ಕದಲ್ಲಿ ನಿಂತಿತು.

ಕಳೆದ ಮಹಾನವಮಿಯ ದಿನ, ಸೇವೆಯ ಕೊನೆಯ ವರ್ಷದಲ್ಲಿ, ಪಂಪಾಪತಿಯವರು ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಆ ಬಾಗಿಲ ಮುಂದೆ ಬಂದರು. ಬಿಚ್ಚಿದಾಗ ಕಂಡದ್ದು ದುರುಗಮ್ಮನವರ ಕುಡುಗೋಲು. ಜೊತೆಗೆ ಒಂದು ಸಣ್ಣ ಸೀಸೆಯಲ್ಲಿ ಎಣ್ಣೆ. ಕಾವಲಿನ ಮೂಕಪ್ಪ ಓಡಿ ಬಂದ. ಪಾಪ, ಬೆವತುಹೋಗಿದ್ದ. "ಸರ್, ನೀವ ಹಾಕಿದ ರೂಲ್ ಅದರೀ. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ" ಎಂದ. ಸರ್ ಸಿಟ್ಟಾಗಲಿಲ್ಲ. ಫಲಕದ ಕೆಳಗಿನ ತಮ್ಮ ಸಹಿಯನ್ನು ನೋಡಿದರು, ಮೂಕಪ್ಪನ ಭುಜ ತಟ್ಟಿದರು, ಕುಡುಗೋಲನ್ನು ಮತ್ತೆ ಸುತ್ತಿಕೊಂಡರು. ಹಿಂದೆ ಅವರ ತಾಯಿ ತಿರುಗಿ ನಡೆದದ್ದನ್ನು ಕಂಡಿದ್ದ ನಾನು, ಮಗನೂ ಹಾಗೆಯೇ ನಡೆದುಹೋದದ್ದನ್ನು ಕಚೇರಿಯ ಕಿಟಕಿಯಿಂದ ಕಂಡೆ, ಅತ್ತುಬಿಟ್ಟೆ.

ಸದ್ಯಕ್ಕೆ ಅವರ ಜಾಗದ ಹೊಣೆ ನನ್ನ ಮೇಲಿದೆ. ಮೇಲಿನವರ ಒಪ್ಪಿಗೆ ಪಡೆದು ಆ ಫಲಕವನ್ನು ನಾನೇ ನಿಂತು ತೆಗೆಸಿದ್ದೇನೆ. ಅಯ್ಯಮ್ಮನವರಿಗೂ ಹೇಳಿಕಳಿಸಿದೆ, ಮೊಣಕಾಲು ನೋವು, ರಾಯಚೂರು ದೂರ ಎಂದರು. ಅದನ್ನು ಸರಿಪಡಿಸುವ ಶಕ್ತಿ ನನಗಿಲ್ಲ. ನಮ್ಮ ಗುರುಗಳಿಗೆ ಆಯಸ್ಸು ಆರೋಗ್ಯಗಳು ತುಂಬಿರಲಿ, ತಟ್ಟಿ ನೋಡಬೇಕಾದ ಗೋಡೆಗಳು ಈ ಸೀಮೆಯಲ್ಲಿ ಇನ್ನೂ ಬೇಕಾದಷ್ಟಿವೆ, ಆ ಬೆರಳುಗಳಿಗೆ ಬಿಡುವು ಸಿಗದಿರಲಿ ಎಂದು ಮನಸಾರೆ ಹಾರೈಸುತ್ತೇನೆ. ಇಷ್ಟು ವರ್ಷ ಅವರ ಮಾತು ನಾನು ಕೇಳಿದ್ದೇನೆ. ಈಗ ನನ್ನದೊಂದನ್ನು ಅವರು ಕೇಳಬೇಕು. ಸರ್, ಈ ಮಹಾನವಮಿಗೆ ಬರ್ರಿ. ಅವ್ವನ ಕುಡುಗೋಲು ತರ್ರಿ, ಎಣ್ಣಿನೂ ತರ್ರಿ. ಮೂಕಪ್ಪಗ ಹೇಳಿಟ್ಟೀನಿ.