ಭಜಹರಿ ತೊಳೆಯದ ಕೈ

ಹಿಜಲಿ ಕಡಲತೀರದ ನಮ್ಮ ಭಜಹರಿ ಜಾನಾ ಅಪ್ಪನಂತೆಯೇ ಉಪ್ಪುನೀರು ಕಾಯಿಸಿ ಬದುಕಿದವನು. ವ್ಯಾಪಾರಕ್ಕೆಂದು ಬಂದ ಇಂಗ್ಲಿಷ್ ಪೀಡೆಗಳು ಒಂದು ದಿನ ಉಪ್ಪೆಲ್ಲ ತಮ್ಮದೇ ಎಂದವು. ಹಸಿ ಉಪ್ಪಿನ ಗುಡ್ಡೆಗಳ ಮೇಲೆ ಮರದ ಮೊಹರು ಒತ್ತಿಸಿದವು. ಚಿಟಿಕೆ ತೆಗೆದರೂ ಗುರುತು ಕೆಟ್ಟು, ಬೆನ್ನಿಗೆ ಬಾರುಕೋಲು ಬೀಳುತ್ತಿತ್ತು.

ಅದಕ್ಕೇ ಭಜಹರಿ ಅವರ ಉಪ್ಪು ಕಾಯಿಸುವ ಕೆಲಸ ಮುಗಿಸಿ, ಕೈ ತೊಳೆಯದೆ ಮನೆಗೆ ಬಂದು, ಉಪ್ಪು ಮೆತ್ತಿದ ಅದೇ ಕೈಯಲ್ಲಿ ಮಕ್ಕಳಿಗೆ ತಂಗಳನ್ನ ಕಲಸುತ್ತಿದ್ದ. "ಇನ್ನೂ ಸ್ವಲ್ಪ ಕೈಯಾಡ್ಸಿ, ಸಪ್ಪೆ ಇದೆ" ಎಂದು ಹೆಂಡತಿ ಖುದಿ ರೇಗಿಸುತ್ತಿದ್ದಳು.

ಯಾರೋ ಚಾಡಿ ಹೇಳಿದರು. ಇಂಗ್ಲಿಷರ ಉಪ್ಪಿನ ಕಾವಲು ನೋಡುವ ದಾರೋಗಾ, ನಮ್ಮವನೇ ದರಿದ್ರ, ಉಪ್ಪು ಕಾಯಿಸುವ ಕೊಟ್ಟಿಗೆಯ ಬಾಗಿಲಲ್ಲಿ ನೀರಿನ ಹಂಡೆ ಇಡಿಸಿ, "ಕೈ ತೊಳ್ಕೊಂಡು ಹೋಗೋ, ಕಳ್ಳ" ಎಂದ.

ಭಜಹರಿ ತೊಳೆದುಕೊಂಡ. ಆಮೇಲೆ ಬೆವರಿಳಿಯುವ ಹಣೆಯನ್ನು ದಾರೋಗಾನ ಮುಂದೆ ಒಡ್ಡಿದ.

"ಇದೂ ಉಪ್ಪೇ, ಸಾಹೇಬ್ರೆ. ನೆಕ್ಕಿ ನೋಡಿ, ಆಮೇಲೆ ಮೊಹರು ಒತ್ತಿ."