ಬೆಳಕು ಹೋದಷ್ಟು ದೂರ

ದೇಲಂಪಾಡಿ ಕಡೆ ನೀರಿಗಾಗಿ ಗುಡ್ಡದೊಳಕ್ಕೆ ಕೊರೆದ ಸುರಂಗಗಳ ಉದ್ದ ಅಳೆಯುವುದು ನನ್ನ ಕೆಲಸವಾಗಿತ್ತು. ಒಳಗೆ ಹೋಗಬೇಕೆಂದಿಲ್ಲ. ಬಾಯಲ್ಲಿ ನಿಂತು ಲೇಸರ್ ಬಿಟ್ಟರೆ ಸಾಕು, ಬೆಳಕು ಎದುರಿನ ಗೋಡೆಗೆ ತಾಗಿ ವಾಪಸು ಬಂದು ದೂರ ಹೇಳುತ್ತದೆ.

ಒಂದು ಮನೆಯ ಲಕ್ಷ್ಮಿಯಕ್ಕ ನನ್ನ ಬೂಟು ನೋಡಿದರು. "ಅದನ್ನು ತೆಗೆಯಿರಿ. ಸುರಂಗಕ್ಕೆ ಮೆಟ್ಟು ಹಾಕಿ ಹೋಗುವ ಕ್ರಮ ಇಲ್ಲ."

"ನಾನು ಹೋಗುವುದಿಲ್ಲ ಅಕ್ಕ, ಬೆಳಕು ಮಾತ್ರ."

"ಬಿಡುವವರು ನೀವೇ ಅಲ್ವಾ?"

ಲೇಸು ಬಿಗಿದ ಬೂಟು. ಗೊಣಗುತ್ತಲೇ ಬಿಚ್ಚಿದೆ. ಕೆಂಪು ಚುಕ್ಕೆ ಸ್ವಲ್ಪ ದೂರದಲ್ಲೇ ಕುಸಿದ ಮಣ್ಣಿನ ಮೇಲೆ ನಿಂತಿತು. ಒಳಗೆ ಅಗೆಯುತ್ತಿದ್ದ ಅವರ ಗಂಡ ತೀರಿಹೋದದ್ದು ಆ ಕುಸಿತದಲ್ಲೇ.

"ಅವರು ಎಷ್ಟು ದೂರ ಅಗೆದಿದ್ದರು ಅಂತ ಹೇಳ್ತದಾ ಅದು?"

"ಇಲ್ಲ ಅಕ್ಕ. ಮಣ್ಣಿನವರೆಗೆ ಹೋಗಿ ವಾಪಸು ಬರ್ತದೆ, ಅಷ್ಟೇ."

ಅವರು ಬಗ್ಗಿ ಒಳಗಿನ ಕೆಂಪು ಚುಕ್ಕೆಯನ್ನು ನೋಡಿದರು.

"ಅದಾದರೂ ವಾಪಸು ಬರ್ತದಲ್ಲ," ಅಂದರು.

ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಎಚ್ಚರಿಕೆಗಳು ಪುಟಗಟ್ಟಲೆ ಉಂಟು: ಕಣ್ಣಿಗೆ ಹಿಡಿಯಬೇಡಿ, ನೀರಿಗೆ ಹಾಕಬೇಡಿ. ಬೂಟು ಎಲ್ಲಿ ಕಳಚಬೇಕೆಂದು ಮಾತ್ರ ಬರೆದಿಲ್ಲ.