ಹಿಂದಿನ ಕೌಂಟರಿನ ಹುಡುಗಿ

ಆ ಸಿನಿಮಾವನ್ನು ನಾನು ಮೊದಲ ಸಲ ನೋಡಿದ್ದು ಅರ್ಧ ಮಾತ್ರ. ನಮ್ಮ ಇಂಗ್ಲಿಷ್ ಉಚ್ಚಾರ ಸುಧಾರಿಸಲೆಂದು ಕಾನ್ವೆಂಟಿನ ಸಿಸ್ಟರ್ ಒಂದು ಶನಿವಾರ ಅದನ್ನು ಟೀವಿಯಲ್ಲಿ ಹಾಕಿದ್ದರು. ಲಂಡನ್ನಿನ ದೊಡ್ಡ ಜವಳಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರ ಕತೆ, ಕಪ್ಪು ಬಿಳುಪಿನದು. ನಾಯಕ ಕೈಗವಸಿನ ಕೌಂಟರಿನ ಹುಡುಗಿಯತ್ತ ಒಂದು ಹೆಜ್ಜೆ ಇಟ್ಟರೆ ಸಾಕು, ಸಿಸ್ಟರ್ ಟೀವಿಗೆ ಅಡ್ಡ ಬಂದು ನಿಲ್ಲುತ್ತಿದ್ದರು. ಅವರ ಬಿಳಿ ಉಡುಪಿನ ಆಚೆ ಈಚೆ ನಮಗೆ ಕಂಡದ್ದು ಒಂದು ಟೊಪ್ಪಿ, ಒಂದು ಮೊಣಕೈ.

ದುಬೈಯ ಅಲ್ ಬರ್ಷಾದ ನನ್ನ ಮನೆಯಲ್ಲಿ ಅಡ್ಡ ನಿಲ್ಲುವವರಿಲ್ಲ. ಹೋದ ವರ್ಷ ಹುಡುಕಿದಾಗ ಸಿನಿಮಾ ಸಿಕ್ಕಿತು, ಮಗಳು ಟೀವಿಗೆ ಹಾಕಿಕೊಟ್ಟಳು. ಸಿಸ್ಟರ್ ಮುಚ್ಚಿದ್ದ ದೃಶ್ಯದಲ್ಲಿ ಅವನು ಅವಳ ಕೈಗವಸಿನ ಗುಂಡಿ ಹಾಕಿದ. ಅಷ್ಟೇ. ಸೋಫಾದಲ್ಲಿ ಒಬ್ಬಳೇ ಕುಳಿತು ನಕ್ಕು ಸುಸ್ತಾದೆ.

ಆ ಸಿನಿಮಾವನ್ನು ಪಾಠಪುಸ್ತಕ ಮಾಡಿಕೊಳ್ಳುವ ಯೋಚನೆ ಬಂದದ್ದು ನನ್ನ ಗೆಳತಿಯ ಸಲುವಾಗಿ. ಬಂಟ್ವಾಳದ ಕಡೆಯವಳು, ಮನೆಮಾತು ಕೊಂಕಣಿ, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಮಾಲಿನ ಅಂಗಡಿಯೊಂದರಲ್ಲಿ ಬೆಡ್‌ಶೀಟು, ಮೇಜುಬಟ್ಟೆ ಮಾರುತ್ತಿದ್ದಳು. ಕರಾಮದಲ್ಲಿ ಮೂವರು ಹುಡುಗಿಯರ ಜೊತೆ ರೂಮು. ಗಂಡ ಅಬುಧಾಬಿಯ ಖಾಲಿದಿಯಾದಲ್ಲಿ, ಹೋಟೆಲಿನ ಹೌಸ್‌ಕೀಪಿಂಗಿನಲ್ಲಿ. ಇವಳ ರಜೆ ಗುರುವಾರ, ಅವನದು ಮಂಗಳವಾರ. ಮದುವೆಯಾಗಿ ಮೂರು ವರ್ಷ ಕಳೆದರೂ ಆ ಎರಡು ರಜೆಗಳು ಒಂದೇ ದಿನ ಬಿದ್ದಿರಲಿಲ್ಲ.

"ನಮ್ಮದು ಬಸ್‌ಸ್ಟ್ಯಾಂಡಿನ ಸಂಸಾರ ಅಕ್ಕ, ಅಲ್ಲೇ ಕಾಣುದು, ಅಲ್ಲೇ ಟಾಟಾ," ಎನ್ನುತ್ತಿದ್ದಳು.

ಅಷ್ಟರಲ್ಲಿ ಅದೇ ಅಂಗಡಿಯ ಖಾಲಿದಿಯಾ ಶಾಖೆಯಲ್ಲಿ ಸೂಪರ್‌ವೈಸರ್ ಕೆಲಸ ಖಾಲಿಯಾಯಿತು. ಅದು ಸಿಕ್ಕಿದರೆ ಗಂಡಹೆಂಡಿರಿಗೆ ಒಂದೇ ಮನೆ. ಸಂದರ್ಶನ ಸೋಮವಾರ. ಅಲ್ಲಿಯ ಮ್ಯಾನೇಜರ್ ಇಂಗ್ಲೆಂಡಿನ ಹೆಂಗಸು. ಆಕೆ ಗಿರಾಕಿಯಂತೆ ಬರುತ್ತಾಳೆ, ಇವಳು ಇಂಗ್ಲಿಷಿನಲ್ಲಿ ಮಾರಿ ತೋರಿಸಬೇಕು.

"ಬಟ್ಟೆ ವಿಷಯ ಎಂತ ಬೇಕಾದ್ರೂ ಕೇಳ್ಲಿ. ಇಂಗ್ಲಿಷ್ ಅಂದ ಕೂಡ್ಲೆ ನಂಗೆ ಬಟ್ಟೆಯ ಹೆಸರೂ ಮರೀತದೆ."

"ಇಂಗ್ಲಿಷ್ ನಾನು ಕಲಿಸ್ತೇನೆ," ಎಂದೆ. ಕಾನ್ವೆಂಟಿನ ಜಂಬ ನೋಡಿ. ಇಂಗ್ಲೆಂಡಿನ ಮೇಡಂಗೆ ಇಂಗ್ಲೆಂಡಿನ ಸಿನಿಮಾಕ್ಕಿಂತ ಒಳ್ಳೆಯ ಪಾಠ ಯಾವುದಿದೆ ಎಂದುಕೊಂಡೆ.

ಗುರುವಾರ ಅವಳು ಮೆಟ್ರೋ ಹಿಡಿದು ಬಂದಳು. ಎದುರು ಫ್ಲ್ಯಾಟಿನ ಬ್ಯಾರಿ ಹೆಂಗಸು, ನಾವಿಬ್ಬರೂ ದೊಡ್ಡಕ್ಕ ಎಂದು ಕರೆಯುವವರು, ತಟ್ಟೆ ತುಂಬ ಗೋಳಿಬಜೆ ತಂದರು. ಸಿನಿಮಾ ಹಾಕಿದೆವು. ನಾನು ನಾಯಕಿಯ ಕಣ್ಣು ನೋಡುತ್ತಿದ್ದರೆ ಇವಳು ನೋಡುತ್ತಿದ್ದದ್ದು ಕೈ.

"ಈ ಹೀರೋಯಿನಿಗೆ ಅಳತೆ ಟೇಪು ಹಿಡೀಲಿಕ್ಕೇ ಗೊತ್ತಿಲ್ಲ ಅಕ್ಕ. ನಂಬರ್ ಇರುವ ಬದಿ ಕೆಳಗೆ ಉಂಟು. ಅಲ್ಲಿ ಹಿಂದೆ ನೋಡಿ, ಹಿಂದೆ."

ಹಿಂದಿನ ಕೌಂಟರಿನಲ್ಲಿ ಒಬ್ಬ ಹುಡುಗಿ ಮೇಜುಬಟ್ಟೆಯ ಅಂಚನ್ನು ಗದ್ದದ ಕೆಳಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ಮಡಚಿ, ತೋಳಿನ ಮೇಲೆ ಇಳಿಸಿದಳು. ಸಿನಿಮಾದುದ್ದಕ್ಕೂ ಅವಳಿಗೆ ಒಂದೂ ಮಾತಿರಲಿಲ್ಲ.

"ಇವಳು ಅಂಗಡಿಯಲ್ಲಿ ಇದ್ದವಳೇ. ಇದು ನಟಿಸ್ಲಿಕ್ಕೆ ಬರುವಂಥದ್ದಲ್ಲ."

ಕೊನೆಯಲ್ಲಿ ನಟನಟಿಯರ ಹೆಸರು ಬಂದಾಗ ಇವಳು ಟೀವಿಯ ಹತ್ತಿರವೇ ಹೋಗಿ ಕುಳಿತಳು. ನಾಯಕಿಯದು ದಪ್ಪ ಅಕ್ಷರ. ಅಂಗಡಿಯ ಹುಡುಗಿಯರೆಲ್ಲ ಕೆಳಗೆ ಒಂದೇ ಗುಂಪು. ಯಾವ ಹೆಸರು ಯಾರದೆಂದು ತಿಳಿಯುವಂತಿರಲಿಲ್ಲ.

"ಅಷ್ಟು ಚಂದ ಮಡಚಿದವಳಿಗೆ ಒಂದು ಹೆಸರು ಬೇಡ್ವಾ?"

ಆಮೇಲೆ ನಮ್ಮದೇ ನಾಟಕ. ಇಸ್ತ್ರಿಮೇಜು ಕೌಂಟರಾಯಿತು. ದೊಡ್ಡಕ್ಕ ಸಿನಿಮಾದ ಸಿಡುಕು ಮೇಲ್ವಿಚಾರಕನಂತೆ ಬೆನ್ನ ಹಿಂದೆ ಕೈ ಕಟ್ಟಿ ಅಡ್ಡಾಡಿದರು. ನಾನು ಶ್ರೀಮಂತ ಗಿರಾಕಿ, ತಲೆಗೆ ಮಗಳ ಸ್ಪೋರ್ಟ್ಸ್ ಡೇ ಟೊಪ್ಪಿ. "ಮೇ ಐ ಬಿ ಆಫ್ ಸರ್ವಿಸ್, ಮೇಡಂ?", ಕೊನೆಗೆ "ವಿಲ್ ದಟ್ ಬಿ ಆಲ್, ಮೇಡಂ?" ಎಂದು ಇವಳಿಂದ ಬಾಯಿಪಾಠ ಮಾಡಿಸಿದೆ.

"ಅಮ್ಮಾ, ನೋಬಡಿ ಟಾಕ್ಸ್ ಲೈಕ್ ದಟ್," ಎಂದಳು ಮಗಳು.

"ನಮ್ಮ ಸಿಸ್ಟರ್ ಮಾತಾಡ್ತಿದ್ರು."

"ಸಿಸ್ಟರಿಗೆ ಬೆಡ್‌ಶೀಟು ಬೇಕಾದ್ರೆ ಮತ್ತೆ ಕೊಡುವ," ಎಂದರು ದೊಡ್ಡಕ್ಕ. "ಯಲ್ಲಾ, ಶುರು ಮಾಡಿ."

ಮಾತು ಬಂತು. ತೊಂದರೆ ಇದ್ದದ್ದು ಕೈಯಲ್ಲಿ. ಗಲ್ಫಿಗೆ ಬರುವ ಮೊದಲು ಇವಳು ಊರಿನ ಸೀರೆ ಅಂಗಡಿಯಲ್ಲಿ ಐದು ವರ್ಷ ಇದ್ದವಳು. ನಮ್ಮೂರ ಅಂಗಡಿಗಳಲ್ಲಿ ಸುಮ್ಮನೆ ನೋಡಲು ಬಂದೆ ಎಂದರೆ ಕೇಳುವವರಾರು? ಹತ್ತು ಸೀರೆ ನಿಮ್ಮ ಮುಂದೆ ಹಾರಿ ಬಿಚ್ಚಿಕೊಳ್ಳುತ್ತವೆ. ಬರಿಗೈಯಲ್ಲಿ ಏಳಲು ನಾಚಿಕೆಯಾಗಬೇಕು, ಹಾಗೆ. ಇಲ್ಲಿ ಕೇಳದೆ ಬಿಚ್ಚುವಂತಿಲ್ಲ. ನಾನು "ಜಸ್ಟ್ ಲುಕಿಂಗ್" ಎಂದಾಗಲೆಲ್ಲ ಇವಳು ನನ್ನ ಬೆಡ್‌ಶೀಟನ್ನು ಕೊಡವಿ ಹಾರಿಸುತ್ತಿದ್ದಳು. ಒಂದು ಸಲ ಗೋಳಿಬಜೆಯ ತಟ್ಟೆಯೇ ಮುಚ್ಚಿಹೋಯಿತು.

"ಕೈ ಕಟ್ಟು ಮಾರಾಯ್ತಿ. ಸಿನಿಮಾದ ಹುಡುಗಿಯರು ತಲೆ ಬಗ್ಗಿಸಿ ಹಿಂದೆ ಸರೀಲಿಲ್ವಾ?" ಎಂದೆ.

ಸಂಜೆಯ ಹೊತ್ತಿಗೆ ಕೈ ಕಟ್ಟಿ ನಿಲ್ಲಲು ಕಲಿತಳು.

ಸೋಮವಾರ ಹನ್ನೊಂದಕ್ಕೆ ಫೋನು. ನಾನು ತೊಂಡೆಕಾಯಿ ಹೆಚ್ಚುತ್ತಿದ್ದೆ.

"ಅಕ್ಕ, ಹಾರಿಸಿಬಿಟ್ಟೆ."

ಮೊದಲೆಲ್ಲ ಸರಿಯಾಗಿಯೇ ನಡೆಯಿತಂತೆ. ಮೇಡಂ "ಜಸ್ಟ್ ಲುಕಿಂಗ್" ಅಂದರು, ಇವಳು ಕೈ ಕಟ್ಟಿ ನಿಂತಳು. ಆಗ ಮೇಡಂ ಶೀಟಿನ ಮೂಲೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು.

"ಹಾಗೆ ಉಜ್ಜುವವರು ಬರೇ ನೋಡ್ಲಿಕ್ಕೆ ಬಂದವರಲ್ಲ ಅಕ್ಕ. ನನ್ನ ಕೈ ನನ್ನ ಮಾತು ಕೇಳ್ಲೇ ಇಲ್ಲ. ಕಿಂಗ್ ಸೈಜ್. ಪಕ್ಕದಲ್ಲಿ ಎಚ್‌ಆರ್ ಸರ್ ಚಾ ಕುಡೀತಿದ್ರು. ಅವ್ರ ತಲೆ, ಫೈಲು, ಕಪ್ಪು, ಎಲ್ಲ ಶೀಟಿನ ಒಳಗೆ."

"ದೇವರೇ. ನೀನು ಎಂತ ಹೇಳಿದೆ?"

"'ವಿಲ್ ದಟ್ ಬಿ ಆಲ್, ಮೇಡಂ?' ಅಂದೆ. ಬಾಯಲ್ಲಿ ಇದ್ದದ್ದು ಅದೊಂದೇ."

ನಾನು ಅಡುಗೆಮನೆಯ ನೆಲದಲ್ಲೇ ಕುಳಿತುಬಿಟ್ಟೆ. ನಗು ಬರುತ್ತಿತ್ತು, ನಗುವ ಹಾಗಿರಲಿಲ್ಲ. ಆ ಮಾತು ಕಲಿಸಿದವಳು ನಾನೇ.

"ಮತ್ತೆ?"

"ಮತ್ತೆ ಶೀಟು ತೆಗೆದು ಮಡಚಿದೆ. ಗದ್ದಕ್ಕೆ ಒತ್ತಿಕೊಂಡು, ಆ ಹಿಂದಿನ ಕೌಂಟರಿನವಳ ಹಾಗೆ. ಮಡಚುವವರೆಗೆ ಮೇಡಂ ನನ್ನ ಕೈಯನ್ನೇ ನೋಡಿದ್ರು. ಆಮೇಲೆ ಚಾದ ಕಲೆ ತೋರಿಸಿ, ಇದನ್ನು ಹೇಗೆ ತೆಗೀತಿ ಕೇಳಿದ್ರು. ಹಿಂದಿನ ಬದಿಯಿಂದ ತಣ್ಣೀರು ಬಿಡ್ಬೇಕು, ಉಜ್ಜಬಾರ್ದು, ಉಜ್ಜಿದ್ರೆ ಈ ನೂಲಿನಲ್ಲಿ ಗುಂಜು ಎದ್ದು ಬರ್ತದೆ, ಎಲ್ಲ ಹೇಳಿದೆ."

"ಯಾವ ಇಂಗ್ಲಿಷಿನಲ್ಲಿ?"

"ಯಾರಿಗೆ ಗೊತ್ತು. ಬಂದ ಇಂಗ್ಲಿಷಿನಲ್ಲಿ."

ಗುರುವಾರದವರೆಗೆ ನನಗೆ ಊಟ ಸೇರಲಿಲ್ಲ. ಗುರುವಾರ ಬೆಲ್ ಆಯಿತು. ಬಾಗಿಲು ತೆಗೆದರೆ ಇವಳು ಚಪ್ಪಲಿಯನ್ನೂ ಕಳಚದೆ ನಿಂತಿದ್ದಳು. "ಖಾಲಿದಿಯಾ," ಎಂದಳು, ಅಷ್ಟೇ. ಎದುರು ಬಾಗಿಲಿನಿಂದ ದೊಡ್ಡಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಮೂವರೂ ಕಾರ್ಪೆಟಿನ ಮೇಲೆ ಕುಣಿದೆವು. ಕೆಳಗಿನ ಮನೆಯವರು ವಾಚ್‌ಮನ್‌ನನ್ನು ಮೇಲೆ ಕಳಿಸಿದರು. ಇವಳು ತಂದಿದ್ದ ಡಬ್ಬಿಯಿಂದ ಅವನ ಕೈಗೂ ಒಂದು ಸಿಹಿ ಇಟ್ಟೆವು.

ಈಗ ಅವಳ ರಜೆಯೂ ಮಂಗಳವಾರವೇ. ಮೊದಲ ಮಂಗಳವಾರ ಬೆಳಿಗ್ಗೆ ಫೋನು ಬಂತು.

"ಅಕ್ಕ, ಇವ್ರು ಹೋಟೆಲಿನ ಹಾಗೆ ಹೊದಿಕೆಯನ್ನು ಹಾಸಿಗೆಯ ಅಡಿಗೆ ಬಿಗಿದುಬಿಡ್ತಾರೆ. ಕಾಲು ತೂರಿಸ್ಲಿಕ್ಕೆ ಜಾಗ ಇಲ್ಲ. ನಾನು ಬಿಚ್ಚುದು, ಇವ್ರು ಬಿಗಿಯುದು."

"ಹೇಳು ಅವನಿಗೆ."

"ಹೇಳಿದೆ. ಇದು ಫೈವ್ ಸ್ಟಾರ್ ಪದ್ಧತಿ ಅಂತಾರೆ. ನಾನು ಸೂಪರ್‌ವೈಸರ್ ಅಂದೆ."

ಹಿಂದಿನಿಂದ ಗಂಡನ ಸ್ವರ ಕೇಳಿಸಿತು. "ಗೆಸ್ಟಿಗೆ ಕಂಪ್ಲೇಂಟ್ ಇದ್ರೆ ರಿಸೆಪ್ಶನಿಗೆ ಫೋನ್ ಮಾಡ್ಲಿಕ್ಕೆ ಹೇಳಿ ಅಕ್ಕ, ಹೌಸ್‌ಕೀಪಿಂಗಿಗೆ ಇವತ್ತು ರಜೆ."